ಹಳೆಯ ಕುರ್ಚಿಗೆ ಹೊಸ ಕೈ

ಮೈಸೂರಿಗೆ ಬಂದ ಪ್ರವಾಸಿಗನು ಅರಮನೆಯನ್ನು ನೋಡದೆ ಹಿಂದಿರುಗುವುದುಂಟೆ? ಅಂಬಾವಿಲಾಸದ ಒಳಗೆ ಕಾಲಿಟ್ಟವನ ಕಣ್ಣು ಮೊದಲು ಚಾವಣಿಯ ಬಣ್ಣದ ಗಾಜಿಗೆ, ಆಮೇಲೆ ಕಂಬಗಳ ಸಾಲಿಗೆ ಹೋಗುವುದು ಸಹಜ. ಜನಜಂಗುಳಿಯ ನೂಕಿಗೆ ಸಿಕ್ಕಿ ಮುಂದೆ ಸಾಗುವವರಲ್ಲಿ ಬಹುಮಂದಿ ಬೀಟೆಮರದ ಬಾಗಿಲುಗಳ ಮುಂದೆ ನಿಲ್ಲುವುದೇ ಇಲ್ಲ. ನಿಲ್ಲಬೇಕು. ಕಪ್ಪೋ ಕೆಂಪೋ ಎಂದು ಹೇಳಲಾಗದ ಆ ಮರದ ಮೈಯಲ್ಲಿ ದಂತದ ಬಳ್ಳಿಗಳು ಹಬ್ಬಿವೆ, ದಂತದ ಹೂವುಗಳು ಅರಳಿವೆ. ಬೆರಳಿನಿಂದ ಸವರಿದರೆ ಮರ ಎಲ್ಲಿ ಮುಗಿದು ದಂತ ಎಲ್ಲಿ ಮೊದಲಾಯಿತೆಂಬುದು ತಿಳಿಯದಷ್ಟು ನಯವಾದ ಕೆಲಸ. ಅದಕ್ಕೂ ಮೊದಲು ಇಲ್ಲಿ ಇದ್ದುದು ಮರದ ಅರಮನೆಯೇ. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆ ಅದಕ್ಕೆ ಬೆಂಕಿ ತಗುಲಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಈಗಿನ ಅರಮನೆ 1912ರಲ್ಲಿ ಪೂರ್ಣವಾಯಿತು. ಮರದ ಮನೆಯನ್ನು ಬೆಂಕಿಗೆ ಒಪ್ಪಿಸಿದ ಮೇಲೆಯೂ ಬಾಗಿಲಿಗೆ ಮರವನ್ನೇ ಆರಿಸಿಕೊಂಡ ಊರು ಇದು.

ಇಂಥ ಬಾಗಿಲುಗಳನ್ನು ಕಂಡ ಊರಿನಲ್ಲಿ ಮರಗೆಲಸದ ಕೈಗೆ ಕೊರತೆ ಇರಲಿಲ್ಲ. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದಲೇ ಮರಗೆಲಸವನ್ನೂ ಕೆತ್ತನೆಯನ್ನೂ ಹುಡುಗರಿಗೆ ಕಲಿಸಿತು. ಪ್ಲೇಗಿನ ಭಯದಿಂದ ಕೋಟೆಯ ಇಕ್ಕಟ್ಟನ್ನು ಬಿಟ್ಟು ಜನ ಹೊರಗೆ ಹರಡಿದಾಗ ಬೆಳೆದ ಬಡಾವಣೆಗಳಲ್ಲಿ, ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂಗಳ ಹೆಂಚಿನ ಮನೆಗಳಲ್ಲಿ, ಈ ಕೈಗಳು ಮಾಡಿದ ಸಾಮಾನು ಬಂದು ಕುಳಿತುಕೊಂಡಿತು. ಪಡಸಾಲೆಗೆ ತೂಗುಮಂಚ, ಕೋಣೆಗೆ ಕನ್ನಡಿಯ ಬೀರು, ಜಗುಲಿಗೆ ಬೆತ್ತದ ಆರಾಮ ಕುರ್ಚಿ. ಈಗ ಆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಮನೆ ಬೀಳುವ ಮೊದಲು ಒಂದು ಟೆಂಪೋ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಚಾಮರಾಜಪುರಂನ ಒಂದು ಮನೆಯ ಮುಂದೆ ಕೆಲವು ವರ್ಷಗಳ ಕೆಳಗೆ ಅಂಥ ಟೆಂಪೋ ನಿಂತಿತ್ತು. ಮನೆಯ ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾಗಿ ಕಾಲವಾಗಿದ್ದರು. ಹಿರಿಯ ಮಗ ಬೆಂಗಳೂರಿನಲ್ಲಿ. ಕಿರಿಯನು ಮೈಸೂರಿನಲ್ಲಿಯೇ ಬ್ಯಾಂಕಿನ ಗುಮಾಸ್ತ. ಕುವೆಂಪುನಗರದ ಬಾಡಿಗೆಯ ಮನೆಯಲ್ಲಿ ಹೆಂಡತಿ, ಎಂಟು ವರ್ಷದ ಮಗಳು, ವಯಸ್ಸಾದ ತಾಯಿ ಇವರೊಡನೆ ವಾಸ. ಮನೆಯೊಳಗಿನ ಸಾಮಾನನ್ನೆಲ್ಲ ವ್ಯಾಪಾರಿಯು ಒಟ್ಟು ಬೆಲೆಗೆ ಕೊಂಡನು. ಜಗುಲಿಯ ಮೂಲೆಯಲ್ಲಿದ್ದ ಕುರ್ಚಿಯೊಂದನ್ನು ಮಾತ್ರ ಅವನು ಕಾಲಿನಿಂದ ಸರಿಸಿ ನೋಡಿದ್ದನು: ಬೆತ್ತ ಹರಿದು ಜೋಲುಬಿದ್ದಿತ್ತು, ಒಂದು ಕೈ ಅಲುಗಾಡುತ್ತಿತ್ತು, ಮೈಯೆಲ್ಲ ಜಿಡ್ಡುಗಟ್ಟಿ ಕಪ್ಪಾಗಿತ್ತು. "ಇದನ್ನೂ ಹಾಕಿಕೊಂಡು ಹೋಗ್ತೀನಿ ಬಿಡಿ" ಎಂದನು.

"ಅದೊಂದನ್ನು ಬಿಡಪ್ಪ" ಎಂದರು ತಾಯಿ.

"ಅದರಲ್ಲಿ ಕೂತುಕೊಳ್ಳೋಕೆ ಆಗಲ್ಲಮ್ಮ. ಇಟ್ಟುಕೊಳ್ಳೋಕೆ ಜಾಗ ಎಲ್ಲಿದೆ?" ಎಂದು ಹಿರಿಯನು ಗೊಣಗಿದನು. ಕಿರಿಯನು ತಾನು ಸರಿಮಾಡುವೆನೆಂದಾಗ ಅಣ್ಣನು ನಕ್ಕು, "ಉಗಾದಿಯೊಳಗೆ ಕೂತುಕೊಳ್ಳೋ ಹಾಗೆ ಮಾಡು. ಇಲ್ಲದಿದ್ದರೆ ಇವರಿಗೇ ಕೊಟ್ಟುಬಿಡೋಣ" ಎಂದು ಅಲ್ಲಿಗೆ ಮಾತು ಮುಗಿಸಿದನು. ಅದು ದೀಪಾವಳಿ ಕಳೆದ ವಾರ.

ಇಂಥ ಕುರ್ಚಿಗಳು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಬಂಗಲೆಗಳಲ್ಲಿ ಬೆಳೆದುಬಂದ ಜಾತಿಯವು. ಬೆನ್ನೂ ಆಸನವೂ ಒಂದೇ ಬಾಗಿನಲ್ಲಿ ಇಳಿಯುತ್ತವೆ. ಉದ್ದನೆಯ ಕೈಗಳ ಕೆಳಗೆ ಇನ್ನೆರಡು ಹಲಗೆಗಳು ಅಡಗಿರುತ್ತವೆ. ತಿರುಗಿಸಿದರೆ ಮುಂದಕ್ಕೆ ಚಾಚಿಕೊಳ್ಳುವ ಅವುಗಳ ಮೇಲೆ ತೋಟದ ಸಾಹೇಬರು ಬೂಟುಗಾಲನ್ನು ಇಟ್ಟು ಒರಗುತ್ತಿದ್ದರು. ಸಾಹೇಬರು ಹೋದ ಮೇಲೆ ಕುರ್ಚಿ ನಮ್ಮ ವಕೀಲರ ಮನೆಗೆ, ಶ್ಯಾನುಭೋಗರ ಮನೆಗೆ, ಮೇಷ್ಟರ ಮನೆಗೆ ಇಳಿದುಬಂದಿತು. ಈ ಮೇಷ್ಟರು ಅದರಲ್ಲಿ ಕಾಲು ಚಾಚಿದ್ದು ಕಡಮೆ. ಅಗಲವಾದ ಬಲಗೈಯ ಮೇಲೆ ಹುಡುಗರ ಉತ್ತರಪತ್ರಿಕೆಗಳನ್ನು ಇಟ್ಟು ತಿದ್ದುತ್ತಿದ್ದರು. ಕೆಂಪು ಶಾಯಿಯ ಹನಿಗಳು ಅಲ್ಲಲ್ಲಿ ಮರಕ್ಕೆ ಇಳಿದು ಒಣಗಿದ್ದವು.

ಹೊಸಬನ ಉತ್ಸಾಹಕ್ಕೆ ಎಣೆಯಿಲ್ಲ. ಗುಮಾಸ್ತನು ಒಂದು ಭಾನುವಾರ ವಾರ್ನಿಷಿನ ಡಬ್ಬಿಯನ್ನೂ ಬಡಗಿಗಳು ಉಪ್ಪುಕಾಗದ ಎನ್ನುವ ಮರಳುಕಾಗದದ ಸುರುಳಿಯನ್ನೂ ತಂದನು. ಪರಿಚಿತರೊಬ್ಬರಿಂದ ವಿದ್ಯುತ್ತಿನಿಂದ ಉಜ್ಜುವ ಯಂತ್ರವನ್ನೂ ಕಡ ತಂದನು. ಮಹಡಿಯ ಮೇಲೆ ಕುರ್ಚಿಯನ್ನು ಮಗುಚಿ ಹಾಕಿ ಹಿಂದಿನ ಅಡ್ಡಪಟ್ಟಿಯಿಂದ ಆರಂಭಿಸಿದನು. ಹತ್ತು ನಿಮಿಷದಲ್ಲಿ ಪಟ್ಟಿಯ ಅರ್ಧಭಾಗದ ಕಪ್ಪು ಹಾರಿಹೋಗಿ ಕೆಳಗಿನ ಮರ ತಿಳಿಕಂದಾಗಿ ಬಂದಿತು. ಆತನಿಗೆ ಸೀನು ಹತ್ತಿತು, ಕಣ್ಣು ಉರಿಯಿತು. ಬೀಟೆಯ ಪುಡಿ ಮೂಗಿಗೂ ಚರ್ಮಕ್ಕೂ ಆಗಿಬರುವ ವಸ್ತುವಲ್ಲ. ಮೂಗಿಗೆ ಬಟ್ಟೆ ಕಟ್ಟದೆ ಅದನ್ನು ಉಜ್ಜುವುದು ಅವಿವೇಕ. ಸೀನಿನ ಕಾರಣದಿಂದಲೇ ಅಂದು ಉಳಿದ ಕುರ್ಚಿ ಉಳಿಯಿತೆನ್ನಬೇಕು.

ಮರುವಾರ ಆತನು ಬೆತ್ತವನ್ನು ಹುಡುಕುತ್ತ ಮಂಡಿ ಮೊಹಲ್ಲಾಕ್ಕೆ ಹೋದನು. ಅಶೋಕ ರಸ್ತೆಯ ಗದ್ದಲವನ್ನು ಬಿಟ್ಟು ಪಕ್ಕದ ಓಣಿಗಳಿಗೆ ತಿರುಗಿದರೆ ಊರಿನ ವಾಸನೆಯೇ ಬದಲಾಗುತ್ತದೆ. ಹಸಿ ಮರದ ಪುಡಿ, ಸ್ಪಿರಿಟ್, ಅರಗು, ನಡುನಡುವೆ ಬಿರಿಯಾನಿಯ ಒಗ್ಗರಣೆ. ಮೈಸೂರಿನ ಬೀಟೆಮರದ ಕುಂದಣದ ಕೆಲಸ, ಎಂದರೆ ಒಂದು ಮರದ ಮೈಯಲ್ಲಿ ಗುಳಿ ತೋಡಿ ಬೇರೆ ಬಣ್ಣದ ತುಣುಕುಗಳನ್ನು ಕೂಡಿಸುವ ಕೆಲಸ, ತಲೆಮಾರುಗಳಿಂದ ಇಂಥ ಓಣಿಗಳ ಚಿಕ್ಕ ಕೋಣೆಗಳಲ್ಲಿ ನಡೆದುಬಂದಿದೆ. ಕೂದಲೆಳೆಯಂಥ ಗರಗಸದಿಂದ ಆನೆಯ ಸೊಂಡಿಲನ್ನು ಒಬ್ಬನು ಕೊಯ್ಯುತ್ತಿದ್ದರೆ, ಅದರ ಅಂಬಾರಿಯನ್ನು ಇನ್ನೊಬ್ಬನು ಕೂಡಿಸುತ್ತಿರುತ್ತಾನೆ. ಹಿಂದೆ ಬಿಳಿಯ ಭಾಗಕ್ಕೆ ದಂತವೇ ಇತ್ತು. 1986ರ ಕಾನೂನಿನ ತಿದ್ದುಪಡಿಯಿಂದ ದೇಶದ ದಂತದ ವ್ಯಾಪಾರ ನಿಂತಿತು. 1991ರಲ್ಲಿ ಹೊರದೇಶದ ದಂತಕ್ಕೂ ಬಾಗಿಲು ಮುಚ್ಚಿತು. ಆನೆಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಈಗ ಹಲಸಿನ ಹಳದಿ ಮೊದಲಾದ ಮರದ ತುಣುಕುಗಳೂ ಪ್ಲಾಸ್ಟಿಕ್ಕೂ ಆ ಸ್ಥಾನದಲ್ಲಿವೆ. ಬೀಟೆಗೂ ಕಷ್ಟಕಾಲ ಬಂದಿದೆ. ಅಪ್ಪಣೆಯಿಲ್ಲದೆ ಅದನ್ನು ಕಡಿಯುವಂತಿಲ್ಲ. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಹತೋಟಿಯ ಪಟ್ಟಿಗೆ ಸೇರಿವೆ. ಆದ್ದರಿಂದ ಇಂದು ಮನೆಯ ಮೂಲೆಯಲ್ಲಿ ಬಿದ್ದಿರುವ ಮುರುಕು ಕುರ್ಚಿಯ ಮರ, ಅಂಗಡಿಯಲ್ಲಿ ಕೇಳಿದರೆ ಸುಲಭವಾಗಿ ಸಿಗುವ ಮರವಲ್ಲ.

ಓಣಿಯ ಕೊನೆಯಲ್ಲಿ ಪಾಲಿಶ್ ಕೆಲಸದ ಮುದುಕರೊಬ್ಬರು ಕುಳಿತಿದ್ದರು. ಗುಮಾಸ್ತನು ಕೈಫೋನಿನಲ್ಲಿದ್ದ ಚಿತ್ರವನ್ನು ತೋರಿಸಿದನು. ಅವರು ಕನ್ನಡಕವನ್ನು ಏರಿಸಿ ಬಹಳ ಹೊತ್ತು ನೋಡಿ, "ಏನು ಸ್ವಾಮಿ, ಚರ್ಮ ಸುಲಿದುಬಿಟ್ಟಿದ್ದೀರಿ!" ಎಂದರು.

"ಕೊಳೆ ತೆಗೆದೆ, ಸಾಹೇಬರೇ."

"ಕೊಳೆ ಮೇಲಿತ್ತು. ನೀವು ತೆಗೆದದ್ದು ಕೆಳಗಿಂದು."

ವಿಷಯವಿದು. ಬೆಳಕು, ಗಾಳಿ, ಕೈಯ ಎಣ್ಣೆ ಇವು ಅರ್ಧ ಶತಮಾನ ತಾಕಿ ಮರದ ಮೇಲ್ಮೈಯಲ್ಲಿ ಒಂದು ಬಣ್ಣ ಕೂಡಿರುತ್ತದೆ. ಅದರ ದಪ್ಪ ಕಾಗದದಷ್ಟೂ ಇರುವುದಿಲ್ಲ. ಉಪ್ಪುಕಾಗದಕ್ಕೆ ಕೊಳೆಯೂ ಒಂದೇ, ಆ ಬಣ್ಣವೂ ಒಂದೇ. ಹೊಸದಾಗಿ ಕೆಲಸಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದುದು ಉಜ್ಜುವ ವಿಧಾನವನ್ನಲ್ಲ, ಮರದ ಮೇಲೆ ಏನಿದೆಯೆಂಬುದನ್ನು. ಮುದುಕರು ಹೇಳಿದ ಪರೀಕ್ಷೆ ಸರಳವಾದುದು: ಕಣ್ಣಿಗೆ ಬೀಳದ ಕಡೆ ಒಂದು ಹನಿ ಸ್ಪಿರಿಟ್ ಹಚ್ಚಿ ಬೆರಳಿನಿಂದ ಮುಟ್ಟಿ ನೋಡಬೇಕು. ಅಂಟಂಟಾದರೆ ಅದು ಅರಗಿನ ಪಾಲಿಶ್. ಅರಗಾದರೆ ಸುಲಿಯುವ ಅಗತ್ಯವೇ ಇಲ್ಲ. ಬಿರುಕು ಬಿಟ್ಟ ಹಳೆಯ ಅರಗು ಸ್ಪಿರಿಟ್ಟಿನ ಸ್ಪರ್ಶಕ್ಕೆ ಕರಗಿ ತಾನೇ ಕೂಡಿಕೊಳ್ಳುತ್ತದೆ; ಹೊಸ ಅರಗು ಅದರೊಡನೆ ಬೆರೆತು ಒಂದಾಗುತ್ತದೆ. ಬಿಸಿ ಲೋಟವಿಟ್ಟ ಬಿಳಿಯ ಉಂಗುರ ಕೂಡ ಅರಗಿನಲ್ಲಿ ಸಿಕ್ಕಿಕೊಂಡ ತೇವವೇ ಹೊರತು ಮರದ ರೋಗವಲ್ಲ. ಡಬ್ಬಿಯ ವಾರ್ನಿಷಿಗೆ ಈ ಗುಣವಿಲ್ಲ. ಅದು ಒಣಗಿ ಗಟ್ಟಿಯಾದ ಮೇಲೆ ಹಿಂದಿರುಗುವ ದಾರಿ ಬಲು ಕಷ್ಟ. ಗುಮಾಸ್ತನು ವಾರ್ನಿಷಿನ ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಿದನು. ಯಂತ್ರವನ್ನು ಕೊಟ್ಟವರಿಗೆ ಕೊಟ್ಟನು.

ಆ ಮುಂದಿನ ಭಾನುವಾರಗಳು ನಿಧಾನವಾದುವು. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಜಿಡ್ಡನ್ನು ಒರಸಿ, ಒಡನೆಯೇ ಒಣಬಟ್ಟೆಯಿಂದ ಒತ್ತುವುದು. ಆಮೇಲೆ ಸ್ಪಿರಿಟ್ ಸವರಿದ ಹತ್ತಿಬಟ್ಟೆಯಿಂದ ಲಘುವಾಗಿ ಒಂದು ಸುತ್ತು. ಬಟ್ಟೆ ನೇರಳೆಯಾಗಿ ಹೊರಬಂದಾಗ ಆತನ ಎದೆ ಧಸಕ್ಕೆಂದಿತು. ಯಾರೋ ಬಳಿದಿದ್ದ ಬಣ್ಣ ಹೋಗುತ್ತಿದೆಯೆಂದು ಭಾವಿಸಿದನು. ಅದು ಬೀಟೆಯ ಸ್ವಂತ ಬಣ್ಣ. ಸ್ಪಿರಿಟ್ಟಿನಲ್ಲಿ ಅದು ಸ್ವಲ್ಪ ಸ್ವಲ್ಪ ಕರಗುತ್ತದೆ, ಎಷ್ಟು ಕರಗಿದರೂ ಒಳಗೆ ಇನ್ನೂ ಇರುತ್ತದೆ. ಕುಂದಣದ ಕೆಲಸಗಾರರಿಗೆ ಇದೇ ತಲೆನೋವು. ಎಚ್ಚರ ತಪ್ಪಿದರೆ ಬಿಳಿಯ ಹಂಸ ಕೆನ್ನೇರಳೆಯಾಗಿಬಿಡುತ್ತದೆ.

ಅಲುಗಾಡುತ್ತಿದ್ದ ಕೈಯನ್ನು ನೋಡಲು ಅದೇ ಓಣಿಯ ಬಡಗಿ ಆಚಾರರೊಬ್ಬರು ಬಂದರು. ಮೊಳೆ ಹೊಡೆದು ಮುಗಿಸಬಹುದಲ್ಲವೆ ಎಂದು ಗುಮಾಸ್ತನ ಹೆಂಡತಿ ಕೇಳಿದಳು. "ಮೊಳೆ ಹೊಡೆದರೆ ಇವತ್ತು ನಿಲ್ಲುತ್ತೆ ತಾಯಿ, ನಾಳೆ ಮರ ಸೀಳುತ್ತೆ" ಎಂದರು ಆಚಾರರು. ಒಂದು ಮರದ ನಾಲಗೆ ಇನ್ನೊಂದರ ಗುಳಿಯೊಳಗೆ ಹೊಕ್ಕು ಮರವಜ್ರದಿಂದ ಬೆಸೆದ ಕೂಡು ಅದು. ಮರವಜ್ರ ಚರ್ಮ, ಮೂಳೆಗಳನ್ನು ಬೇಯಿಸಿ ಮಾಡಿದ ಅಂಟು. ಅದಕ್ಕೊಂದು ದೊಡ್ಡ ಗುಣವುಂಟು: ಬಿಸಿನೀರು ತಾಕಿದರೆ ಬಿಟ್ಟುಕೊಳ್ಳುತ್ತದೆ. ಹಳೆಯ ಬಡಗಿಗಳು ಬೆಸೆಯುವಾಗಲೇ ಮುಂದೊಂದು ದಿನ ಬಿಚ್ಚುವವನನ್ನು ನೆನೆದಿದ್ದರೆಂದು ತೋರುತ್ತದೆ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಬಡಗಿಯ ಬಾಳನ್ನು ಹಗುರ ಮಾಡಿತೆಂಬುದು ನಿಜ. ಹೊಸ ಮೇಜಿಗೆ ಅದಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ. ಆದರೆ ಆ ಬಿಳಿಯ ಅಂಟು ಒಮ್ಮೆ ಒಣಗಿತೆಂದರೆ ಕೂಡನ್ನು ಬಿಚ್ಚುವುದೆಂದರೆ ಮರವನ್ನು ಮುರಿಯುವುದೆಂದೇ ಅರ್ಥ.

ಕುರ್ಚಿಯನ್ನು ಪೂರ್ತಿ ಬಿಚ್ಚಬೇಕಾಯಿತು. ಯಾವ ತುಂಡು ಎಲ್ಲಿಯದೆಂದು ಮರೆಯದಂತೆ ಮಗಳು ಪ್ರತಿಯೊಂದಕ್ಕೂ ಚೀಟಿ ಕಟ್ಟಿ ಅ, ಆ, ಇ, ಈ ಎಂದು ಬರೆದಳು. ಌ ಬರಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಅರ್ಧ ಗಂಟೆ ಕಳೆಯಿತು. ಹೊಸ ವಜ್ರವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಕುದಿಯಬಾರದು, ಕುದಿದರೆ ಅಂಟಿನ ಬಲ ಹೋಗುತ್ತದೆ. ಮೂಳೆಯ ಅಂಟನ್ನು ಅಡಿಗೆಮನೆಯ ಒಲೆಯ ಮೇಲೆ ಇಡುವುದು ಆ ಮನೆಯಲ್ಲಿ ಸಾಧ್ಯವಿರಲಿಲ್ಲ. ಮಹಡಿಯ ಮೇಲೆ ಮೂರು ಇಟ್ಟಿಗೆಯ ಒಲೆ ಹೂಡಿದ್ದಾಯಿತು. "ಮೇಲೆ ಅದೇನು ವಾಸನೆ?" ಎಂದು ತಾಯಿ ಕೇಳಿದಾಗ ಸೊಸೆಯು "ಬಡಗಿಗಳ ಔಷಧಿ ಅಮ್ಮ" ಎಂದು ಉತ್ತರಕೊಟ್ಟು ಕೆಳಗಿಳಿದು ಬಂದಳು. ಕೂಡುಗಳನ್ನು ಬಿಗಿಹಿಡಿಯಲು ಯಂತ್ರದ ಹಿಡಿಕೆಗಳು ಇರಲಿಲ್ಲ. ಸೆಣಬಿನ ಹಗ್ಗವನ್ನು ಸುತ್ತಿ ನಡುವೆ ಕೋಲು ತೂರಿಸಿ ತಿರುಚಿ, ಒಂದು ದಿನ ಹಾಗೆಯೇ ಬಿಡಲಾಯಿತು.

ಹಿಂದಿನ ಪಟ್ಟಿಯಲ್ಲಿ ಕುಟ್ಟೆ ಹಿಡಿದಿದ್ದುದು ಆಗ ಗೊತ್ತಾಯಿತು. ಬೀಟೆಯ ಚೇಗಿಗೆ ಹುಳು ಸುಲಭವಾಗಿ ಬಾಯಿ ಹಾಕುವುದಿಲ್ಲ. ಚೇಗಿನ ಸುತ್ತ ಇರುವ ಬಿಳಿಯ ಮರವೇ ಅದಕ್ಕೆ ಆಹಾರ. ಆ ಪಟ್ಟಿಯ ಒಂದು ಅಂಚಿನಲ್ಲಿ ಬಿಳಿಯ ಮರ ಉಳಿದುಕೊಂಡಿತ್ತು. ಕಪ್ಪು ಕಾಗದದ ಮೇಲೆ ಪಟ್ಟಿಯನ್ನು ಒಂದು ವಾರ ಇಟ್ಟು, ಹೊಸ ಹಿಟ್ಟು ಉದುರುವುದೋ ಎಂದು ನೋಡಿದರು. ಉದುರಿತು. ಹುಳು ತಿಂದ ಅಂಚನ್ನು ಉಳಿಯಿಂದ ಕತ್ತರಿಸಿ ತೇಗದ ತುಂಡನ್ನು ಕೂಡಿಸಿ, ಉಳಿದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಉಣಿಸಲಾಯಿತು. ಯಂತ್ರ ಸುಲಿದಿದ್ದುದೂ ಇದೇ ಪಟ್ಟಿಯನ್ನು. ಇಂದಿಗೂ ಕುರ್ಚಿಯ ಹಿಂದೆ ಬಗ್ಗಿ ನೋಡಿದವರಿಗೆ ಅದರ ಅರ್ಧ ತಿಳಿಯಾಗಿ ಕಾಣುತ್ತದೆ.

ಸರಿಮಾಡುವುದೋ, ಕಿತ್ತುಹಾಕುವುದೋ ಎಂಬ ಪ್ರಶ್ನೆ ಮೈಸೂರಿನಲ್ಲಿ ಕುರ್ಚಿಗಳಿಗಷ್ಟೇ ಸಂಬಂಧಿಸಿದುದಲ್ಲ. ಹಳೆಯ ಪುಸ್ತಕದ ಅಂಗಡಿಗಳಿಂದ ಪ್ರಸಿದ್ಧವಾಗಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಕುಸಿಯಿತು. ಎರಡನ್ನೂ ಕೆಡವಿ ಕಟ್ಟಬೇಕೆಂದು ಕೆಲವರು, ದುರಸ್ತಿಮಾಡಿ ಉಳಿಸಬೇಕೆಂದು ಕೆಲವರು ವರ್ಷಗಟ್ಟಲೆ ವಾದಿಸಿದರು. ಮಾರುಕಟ್ಟೆಯ ಕಮಾನಿನ ಕೆಳಗೆ ಮಲ್ಲಿಗೆ ಕೊಂಡವರು ಉಳಿಯಲಿ ಎನ್ನುತ್ತಾರೆ. ದಿನವಿಡೀ ಅದರ ಕೆಳಗೆ ಕುಳಿತು ಮಲ್ಲಿಗೆ ಮಾರುವವರಿಗೆ ಚಾವಣಿಯ ಭಯವೂ ಉಂಟು. ಕಾಲ ಕಾಲಕ್ಕೆ ಒಂದು ಬೆಣೆ, ಒಂದು ಹೆಂಚು, ಒಂದು ಹಿಡಿ ಗಾರೆ ಬಿದ್ದಿದ್ದರೆ ವಾದಕ್ಕೆ ಅವಕಾಶವೇ ಇರುತ್ತಿರಲಿಲ್ಲವೇನೋ.

ಮಾಘಮಾಸದಲ್ಲಿ ಪಾಲಿಶ್ ಕೆಲಸ ಆರಂಭವಾಯಿತು. ಇದಕ್ಕೆ ಒಣ ಹವೆಯೇ ಬೇಕು. ಮಳೆಗಾಲದ ತೇವದಲ್ಲಿ ಅರಗಿನ ಮೇಲೆ ಬಿಳಿಯ ಮಂಜು ಕವಿಯುತ್ತದೆ. ಅರಗು ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಯ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ಅಂಟು. ಜಾರ್ಖಂಡಿನಲ್ಲಿ ಇದರ ಬೇಸಾಯ ಹೆಚ್ಚು. ರಾಂಚಿಯ ಬಳಿ 1924ರಲ್ಲಿ ಅದಕ್ಕೆಂದೇ ಸಂಶೋಧನಾಲಯ ಸ್ಥಾಪನೆಯಾಯಿತು. ಮೈಸೂರಿನಿಂದ ಬೆಂಗಳೂರಿಗೆ ಹೋಗುವವರು ಚನ್ನಪಟ್ಟಣದಲ್ಲಿ ಇದೇ ಅರಗನ್ನು ಬೇರೆ ವೇಷದಲ್ಲಿ ಕಾಣಬಹುದು. ಅಲ್ಲಿ ಸ್ಪಿರಿಟ್ಟಿಲ್ಲ, ತಿರುಗುವ ಹಾಲೆಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. ಕುರ್ಚಿಯನ್ನು ಹಾಗೆ ತಿರುಗಿಸಲಾಗದು. ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆಯನ್ನು ಗಾಜಿನ ಸೀಸೆಯಲ್ಲಿ ರಾತ್ರಿಯೆಲ್ಲ ನೆನೆಹಾಕಿ ತೆಳುಬಟ್ಟೆಯಲ್ಲಿ ಸೋಸಿದರೆ ಪಾಲಿಶ್ ಸಿದ್ಧ. ಕಬ್ಬಿಣದ ಡಬ್ಬಿ ಕೂಡದು, ಅರಗು ಕಪ್ಪಾಗುತ್ತದೆ.

ಹಚ್ಚುವುದಕ್ಕೆ ಕುಂಚವಿಲ್ಲ. ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟುಕಟ್ಟಿ, ಪಾಲಿಶ್ ಕುಡಿಸಿ, ಮೇಲೆ ಒಂದು ಹನಿ ಎಣ್ಣೆ ಸವರಿ, ಎಂಟರ ಅಂಕೆಯನ್ನು ಬರೆಯುವಂತೆ ಮರದ ಮೇಲೆ ಓಡಿಸಬೇಕು. ಕೈ ನಿಲ್ಲಬಾರದು, ನಿಂತರೆ ಕೆಳಗಿನ ಪದರ ಕರಗಿ ಗಂಟು ಅಲ್ಲಿಯೇ ಅಂಟಿಕೊಳ್ಳುತ್ತದೆ. ಗುಮಾಸ್ತನ ಕೈ ಮೊದಲ ದಿನ ಮೂರು ಕಡೆ ನಿಂತಿತು. ಮುದುಕರು ಬಂದು ಆತನ ಮುಂಗೈಯನ್ನು ಹಿಡಿದು, "ಮಗುವಿಗೆ ಎಣ್ಣೆ ಹಚ್ಚಿಲ್ವಾ ನೀವು? ಹಾಗೆ" ಎಂದರು. ಹಚ್ಚಿದವಳು ಪಕ್ಕದಲ್ಲಿಯೇ ಇದ್ದಳು. ಅಂದಿನಿಂದ ಎಡಗೈಯ ಹಲಗೆಯನ್ನು ಹೆಂಡತಿಯೇ ಪಾಲಿಶ್ ಮಾಡಿದಳು. ಎರಡು ಕೈಗಳಲ್ಲಿ ಯಾವುದು ಹೆಚ್ಚು ಹೊಳೆಯುವುದೆಂದು ಬಂದವರನ್ನು ಕೇಳುವ ಅಗತ್ಯವಿಲ್ಲ. ಈ ಕೆಲಸಕ್ಕೆ ಕೈಹಾಕುವ ವಾಚಕರಿಗೆ ಎರಡು ಎಚ್ಚರಿಕೆ: ಸ್ಪಿರಿಟ್ಟಿನ ಹತ್ತಿರ ಒಲೆಯಾಗಲಿ ದೀಪವಾಗಲಿ ಇರಕೂಡದು. ಅಗಸೆಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಕೂಡದು, ಅದು ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಬಯಲಲ್ಲಿ ಒಣಗಿಸಬೇಕು.

ಬಲಗೈಯ ಕೆಂಪು ಶಾಯಿಯ ಕಲೆಗಳ ವಿಷಯದಲ್ಲಿ ಆಚಾರರು ಕೇಳಿದರು. ಹೆರೆದು ತೆಗೆಯಬಹುದು, ಆದರೆ ಬಣ್ಣವೂ ಹೋಗುತ್ತದೆ. ಮಗನು ಬೇಡವೇ ಬೇಡವೆಂದನು. ತಾಯಿಯನ್ನು ಕೇಳಿದರೆ, "ತೆಗೆದರೂ ಸರಿ. ಆ ಶಾಯಿ ಒಗೆದು ಒಗೆದು ನನಗೆ ಸಾಕಾಗಿತ್ತು" ಎಂದು ನಕ್ಕರು. ಕಲೆಗಳು ಹಾಗೆಯೇ ಉಳಿದು ಅರಗಿನ ಕೆಳಗೆ ಸೇರಿದುವು.

ಬೆತ್ತ ಹೆಣೆಯಲು ಬಂದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಿಂದೆ ರೈಲ್ವೆಯಲ್ಲಿಯೂ ಸರ್ಕಾರದ ಕಛೇರಿಗಳಲ್ಲಿಯೂ ಬೆತ್ತದ ಕುರ್ಚಿಗಳು ಸಾಲುಸಾಲಾಗಿದ್ದಾಗ, ಅವನ್ನು ಹೆಣೆಯುವ ಹುದ್ದೆಗೆ ದೃಷ್ಟಿಯಿಲ್ಲದವರನ್ನು ನೇಮಿಸುವ ಪದ್ಧತಿಯಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಬಂದು ಆ ಕೆಲಸ ಕರಗುತ್ತ ಹೋಯಿತು. ಇವರು ಬೆತ್ತದ ಸಿಪ್ಪೆಯ ಎಳೆಗಳನ್ನು ನೀರಿನಲ್ಲಿ ನೆನೆಸಿ, ನಾಲಗೆಯಂತೆ ಮೆತ್ತಗಾದ ಮೇಲೆ ಬೆರಳ ನಡುವೆ ಓಡಿಸಿ ಹೊಳೆಯುವ ಮೈ ಯಾವುದೆಂದು ತಿಳಿಯುತ್ತಿದ್ದರು. ಚೌಕಟ್ಟಿನ ಅಂಚಿನುದ್ದಕ್ಕೂ ಅರ್ಧ ಅಂಗುಲಕ್ಕೊಂದರಂತೆ ತೂತುಗಳು. ಮೇಲಿನಿಂದ ಕೆಳಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಮತ್ತೆ ಮೇಲಿನಿಂದ ಕೆಳಕ್ಕೆ, ಮತ್ತೆ ಅಡ್ಡಕ್ಕೆ. ಆಮೇಲೆ ಎರಡು ಓರೆಯ ಸುತ್ತುಗಳು. ಆರನೆಯದು ಮುಗಿದಾಗ ಜೇನುಗೂಡಿನಂಥ ಕಣ್ಣುಗಳು ತೆರೆದವು. ಒಂದು ಎಳೆ ಹಾದಿತಪ್ಪಿದರೆ ಅವರಿಗೆ ಅಂಗೈಯಲ್ಲಿ ಗೊತ್ತಾಗುತ್ತಿತ್ತು. ಗುಮಾಸ್ತನು ಹೆಣೆದು ನೋಡಿದ ನಾಲ್ಕು ಎಳೆಗಳನ್ನು ಅವರು ಸದ್ದಿಲ್ಲದೆ ಬಿಚ್ಚಿ ಮತ್ತೆ ಹಾಕಿದರು. "ಬೆತ್ತ ಒಣಗಿದ ಮೇಲೆ ಬಿಗಿಯುತ್ತೆ ಸಾರ್, ಎರಡು ದಿನ ಯಾರೂ ಕೂರಬೇಡಿ" ಎಂದಷ್ಟೇ ಹೇಳಿ ಹೋದರು.

ಈ ನಡುವೆ ವ್ಯಾಪಾರಿಯು ಒಂದು ದಿನ ಮನೆ ಹುಡುಕಿಕೊಂಡು ಬಂದನು. ಕಪ್ಪು ಜಿಡ್ಡಿನ ಕೆಳಗಿದ್ದ ಬೀಟೆಯನ್ನು ಈಗ ಗುರುತಿಸಿ, ಹಿಂದೆ ಪುಕ್ಕಟೆ ಎತ್ತಿಕೊಂಡು ಹೋಗಲಿದ್ದ ಕುರ್ಚಿಗೆ ಒಳ್ಳೆಯ ಬೆಲೆಯನ್ನೇ ಹೇಳಿದನು. ಬೆಂಗಳೂರಿಗೆ ದೂರವಾಣಿ ಹೋಯಿತು. ಹಿರಿಯನು ಕ್ಷಣಕಾಲ ಸುಮ್ಮನಿದ್ದು, "ಅಮ್ಮನನ್ನೇ ಕೇಳು" ಎಂದನು.

ತಾಯಿಯು ಹೇಳಿದ ಮಾತು ಯಾರೂ ನಿರೀಕ್ಷಿಸಿದ್ದುದಲ್ಲ. "ಬೇಕಾದರೆ ಕೊಡಿ. ಚೆನ್ನಾಗೇನೋ ಆಗಿದೆ. ಆದರೆ ನನಗೆ ಮಂಡಿನೋವು. ಅಷ್ಟು ತಗ್ಗಿನ ಕುರ್ಚೀಲಿ ಕೂತರೆ ಏಳಿಸೋದಕ್ಕೆ ಇಬ್ಬರು ಬೇಕು. ಬರೀ ನೋಡೋದಕ್ಕೆ ಕುರ್ಚಿ ಯಾಕೆ?"

ನಾಲ್ಕು ತಿಂಗಳು ಮರದ ಬಣ್ಣಕ್ಕೆ, ಕೂಡಿಗೆ, ಹೊಳಪಿಗೆ ತಲೆಕೆಡಿಸಿಕೊಂಡ ಮಗನು ಕುಳಿತುಕೊಳ್ಳುವವರ ಮಂಡಿಯನ್ನು ಯೋಚಿಸಿರಲಿಲ್ಲ. ಹಳೆಯ ಸಾಮಾನಿನ ಭಕ್ತರಿಗೆ ಕುರ್ಚಿಯ ಕಾಲಿಗೆ ತುಂಡು ಜೋಡಿಸುವುದೆಂದರೆ ಮಹಾಪಾತಕ. ವಸ್ತುಸಂಗ್ರಹಾಲಯದಲ್ಲಿ ಹಗ್ಗಕಟ್ಟಿ ಇಡುವ ಕುರ್ಚಿಗೆ ಆ ನಿಯಮ ಸರಿ. ಮನೆಯಲ್ಲಿ ಕುಳಿತವರು ಎದ್ದು ನಿಲ್ಲಬೇಕಾಗುತ್ತದೆ. ಆಚಾರರು ಎರಡೂ ಕಡೆಗೆ ಒಪ್ಪುವ ಉಪಾಯ ಮಾಡಿದರು. ಇರುವೆ ಹತ್ತದಂತೆ ತಿಂಡಿಯ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುವುದಿಲ್ಲವೆ? ಹಾಗೆ ಹಲಸಿನ ಮರದ ನಾಲ್ಕು ಬಟ್ಟಲುಗಳು. ಒಳಗೆ ಕಾಲು ಕೂರುವಷ್ಟು ಗುಳಿ, ಗುಳಿಗೆ ಹಳೆಯ ಕಂಬಳಿಯ ತುಂಡಿನ ಹಾಸು. ಮುಂದಿನವು ನಾಲ್ಕು ಅಂಗುಲ ಎತ್ತರ, ಹಿಂದಿನವು ಐದು. ಹಿಂಭಾಗ ಹೆಚ್ಚು ಎದ್ದರೆ ಒರಗಿದವರು ಮುಂದಕ್ಕೆ ಬರುವುದು ಸುಲಭ. ಮೊಳೆಯಿಲ್ಲ, ಅಂಟಿಲ್ಲ, ಬೇಡವಾದಾಗ ಎತ್ತಿ ತೆಗೆದರೆ ಕುರ್ಚಿ ಮೊದಲಿನಂತೆ. ವ್ಯಾಪಾರಿಗೆ ಕಾಫಿ ಕೊಟ್ಟು ಕಳುಹಿಸಿದರು.

ಉಗಾದಿಯ ದಿನ ಹಿರಿಯ ಮಗನು ಸಂಸಾರಸಮೇತನಾಗಿ ಬಂದನು. ಕುರ್ಚಿ ವರಾಂಡದಲ್ಲಿತ್ತು. ಅವನು ಅದರ ಸುತ್ತ ಒಂದು ಸುತ್ತು ಬಂದು, ಬಟ್ಟಲುಗಳನ್ನು ಕಂಡು, "ಇದೇನೋ, ಕುರ್ಚಿಗೆ ಚಪ್ಪಲಿ ಹಾಕಿಸಿದ್ದೀಯೆ?" ಎಂದು ಹಾಸ್ಯಮಾಡಿದನು. ಬಲಗೈಯ ಮೇಲಿನ ಕೆಂಪು ಚುಕ್ಕೆಗಳನ್ನು ಕಂಡ ಮೇಲೆ ಹಾಸ್ಯ ಮುಂದುವರಿಯಲಿಲ್ಲ. ಕುಳಿತನು. ಹಲಗೆಗಳನ್ನು ಹೊರಕ್ಕೆ ತಿರುಗಿಸಿ ಕಾಲು ಚಾಚಿದನು. ಬೇವುಬೆಲ್ಲ ಅಲ್ಲಿಗೇ ಬಂದಿತು, ಆಮೇಲೆ ಕಾಫಿಯೂ ಬಂದಿತು. ಒಬ್ಬಟ್ಟಿನ ಊಟವಾದ ಮೇಲೆ ಮತ್ತೆ ಅಲ್ಲಿಯೇ ಹೋಗಿ ಒರಗಿ ಕಣ್ಣು ಮುಚ್ಚಿದನು. ನಾಲ್ಕು ಗಂಟೆಯಾದರೂ ಏಳುವ ಸೂಚನೆ ಕಾಣದಾದಾಗ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದು ಅವನ ಪಕ್ಕದಲ್ಲಿ ನಿಂತರು.

"ಏಳೋ," ಎಂದರು, "ನನ್ನ ಕಾಲು ನೋಯ್ತಾ ಇದೆ."